ಹೋಬಳಿಗೊಬ್ಬ ನರ್ಸ್

(2025ರ ಅಕ್ಟೋಬರ್ ಎರಡನೇ ಶನಿವಾರ, ವಿಶ್ವ ಹಾಸ್ಪೈಸ್ ಮತ್ತು ಉಪಶಾಮಕ ಆರೈಕೆ ದಿನದಂದು ಹಾಸನದಲ್ಲಿ ನಿವೃತ್ತ ಸರ್ಕಾರಿ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಿಂದ ಕ್ಯಾನ್ಸರ್ ರೋಗಿಯನ್ನು "ಇನ್ನು ಮನೆಗೆ ಕರ್ಕೊಂಡು ಹೋಗಿ" ಅಂತ ಕಳಿಸಿದರು ಅಂದುಕೊಳ್ಳಿ. ಬಾಡಿಗೆ ಕಾರು ಕುಣಿಗಲ್, ಚನ್ನರಾಯಪಟ್ಟಣ ದಾಟಿ ಹಾಸನಕ್ಕೆ ಬರುತ್ತದೆ. ಇಲ್ಲಿಂದ ಹಳ್ಳಿಗೆ ಇನ್ನೊಂದು ಗಂಟೆ. ಆಸ್ಪತ್ರೆಯ ಗೇಟು ದಾಟುವ ತನಕ ಆತ ರೋಗಿ. ಫೈಲಿತ್ತು, ನಂಬರಿತ್ತು, ಬೆಳಿಗ್ಗೆ ಸಂಜೆ ರೌಂಡ್ಸಿಗೆ ಡಾಕ್ಟರು ಬರುತ್ತಿದ್ದರು. ಮನೆಯ ಜಗಲಿ ಹತ್ತಿದ ಮೇಲೆ ಆರೋಗ್ಯ ಇಲಾಖೆಯ ಯಾವ ರಿಜಿಸ್ಟರಿನಲ್ಲೂ ಆತನ ಹೆಸರಿಲ್ಲ.

ನಮ್ಮ ಇಲಾಖೆಗೆ ರಿಜಿಸ್ಟರಿನ ಬರ ಇಲ್ಲ, ಸೇವೆಯಲ್ಲಿದ್ದವನು ಹೇಳುತ್ತೇನೆ, ನಂಬಿ. ಬಸುರಿಗೆ ತಾಯಿ ಕಾರ್ಡ್ ಇದೆ. ಮಗುವಿಗೆ ಲಸಿಕೆ ಕಾರ್ಡ್ ಇದೆ. ಕ್ಷಯ ಬಂದವರಿಗೆ ನಿಕ್ಷಯ್ ನಂಬರ್ ಇದೆ. ಬಿಪಿ, ಶುಗರ್ ಇದ್ದವರ ಪಟ್ಟಿ ಉಪಕೇಂದ್ರದಲ್ಲಿದೆ. ಜೀವ ಹೋದ ಮೇಲೂ ಸರ್ಕಾರ ನಿಮ್ಮನ್ನು ಮರೆಯುವುದಿಲ್ಲ, 21 ದಿನದೊಳಗೆ ಮರಣ ನೋಂದಣಿ ಆಗಬೇಕು ಅಂತ ಕಾನೂನೇ ಇದೆ. ಇವೆರಡರ ನಡುವೆ ಒಂದು ಕಾಲ ಇದೆಯಲ್ಲ, ಗುಣವಾಗುವುದಿಲ್ಲ ಅಂತ ಗೊತ್ತಾದ ದಿನದಿಂದ ಮರಣ ಪ್ರಮಾಣಪತ್ರದ ತನಕ, ಆ ಕಾಲಕ್ಕೆ ಮಾತ್ರ ಕಾರ್ಡಿಲ್ಲ. ಅದು ಮೂರು ವಾರ ಇರಬಹುದು, ಲಕ್ವ ಹೊಡೆದವರಿಗಾದರೆ ಏಳೆಂಟು ವರ್ಷವೂ ಇರಬಹುದು. ಆ ಕಾಲದಲ್ಲಿ ನೋವು, ಸಂಕಟ ಇಳಿಸಿ ನೋಡಿಕೊಳ್ಳುವುದಕ್ಕೇ ಉಪಶಾಮಕ ಆರೈಕೆ ಅನ್ನುವುದು.

ಈ ವರ್ಷ ಜೂನ್-ಜುಲೈನಲ್ಲಿ ನಮ್ಮ ಜಿಲ್ಲೆಯ ಹೆಸರು ರಾಜ್ಯದ ಟೀವಿಯಲ್ಲೆಲ್ಲ ಓಡಿತು. ಹಾಸನದಲ್ಲಿ ಹೃದಯಾಘಾತ, ಚಿಕ್ಕ ವಯಸ್ಸಿನವರು ಪಟಪಟ ಹೋಗುತ್ತಿದ್ದಾರೆ ಅಂತ. ಜನ ಗಾಬರಿಬಿದ್ದು ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು, ಸಮಿತಿ ಒಂದೊಂದೇ ಸಾವನ್ನು ಕೂತು ನೋಡಿತು, ಅಸಹಜ ಏರಿಕೆ ಏನಿಲ್ಲ ಅಂತ ವರದಿ ಕೊಟ್ಟಿತು. ಒಳ್ಳೆಯದೇ ಆಯಿತು. ನಾನು ಹೇಳುವುದು ಇಷ್ಟೆ: ಒಂದೇ ಏಟಿಗೆ ಹೋದವರಿಗೆ ಸಮಿತಿ ಸಿಕ್ಕಿತು. ನಿಧಾನಕ್ಕೆ, ನರಳಿ ನರಳಿ ಹೋಗುವವರು ಇದೇ ಜಿಲ್ಲೆಯಲ್ಲಿ ಎಷ್ಟಿದ್ದಾರೆ ಅಂತ ಲೆಕ್ಕ ಹಾಕಲು ಯಾರೂ ಕೂತಿಲ್ಲ.

ಯಾರಿವರು? ಕ್ಯಾನ್ಸರ್ ಒಂದೇ ಅಲ್ಲ. ಲಕ್ವ ಹೊಡೆದವರು, ಕಿಡ್ನಿ ಹೋಗಿ ಡಯಾಲಿಸಿಸ್ ಸಾಕು ಅಂತ ಬಿಟ್ಟವರು, ಸೌದೆ ಒಲೆಯ ಹೊಗೆ ಕುಡಿದು ಕುಡಿದು ಶ್ವಾಸಕೋಶ ಕೆಟ್ಟ ಅಜ್ಜಿಯರು, ಹೃದಯ ಸೋತು ಕಾಲು ಊದಿದವರು, ಮರೆವಿನ ಕಾಯಿಲೆಯವರು, ಹುಟ್ಟಿನಿಂದಲೇ ಮಲಗಿದ್ದಲ್ಲೇ ಇರುವ ಮಕ್ಕಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5.68 ಕೋಟಿ ಜನಕ್ಕೆ ಉಪಶಾಮಕ ಆರೈಕೆ ಬೇಕು, ಸಿಗುವುದು ನೂರಕ್ಕೆ ಸುಮಾರು 14 ಮಂದಿಗೆ. ಸಾವಿನ ಹೊತ್ತಿನ ಆರೈಕೆ ಯಾವ ದೇಶದಲ್ಲಿ ಹೇಗಿದೆ ಅಂತ 2015ರಲ್ಲಿ ಒಂದು ಪಟ್ಟಿ ಬಂತು. 80 ದೇಶಗಳಲ್ಲಿ ನಾವು 67ನೆಯವರು. ಅಂಕಿ ಇಷ್ಟು ಸಾಕು.

ಹಾಸ್ಪೈಸ್, ಅಂದರೆ ಗುಣವಾಗದ ಕಾಯಿಲೆಯವರನ್ನು ಕೊನೆಯ ತನಕ ನೋಡಿಕೊಳ್ಳುವ ವ್ಯವಸ್ಥೆ, ಆ ಹೆಸರು ಕೇಳಿದ ಕೂಡಲೇ ನಮ್ಮ ಕಣ್ಣಿಗೆ ಒಂದು ಕಟ್ಟಡ ಬರುತ್ತದೆ. ತಪ್ಪಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಅನ್ನುವ ಮಹಿಳೆ ಶುರುಮಾಡಿದ್ದು ಒಂದು ಕಟ್ಟಡವನ್ನೇ. ಆಕೆ ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಅದೂ ಸಾಲದು ಅನ್ನಿಸಿ ದೊಡ್ಡವರಾದ ಮೇಲೆ ಓದಿ ಡಾಕ್ಟರಾದವರು. ಮೂರೂ ಕಡೆಯಿಂದ ಮಂಚವನ್ನು ನೋಡಿದ್ದರಿಂದಲೇ ನೋವು ಅಂದರೆ ಮೈನೋವು ಮಾತ್ರ ಅಲ್ಲ, ಸಾಲದ ಚಿಂತೆ, ಮಗಳ ಮದುವೆಯ ಚಿಂತೆ, ದೇವರ ಮೇಲಿನ ಸಿಟ್ಟು ಎಲ್ಲ ಸೇರಿದ್ದು ಅಂತ ಆಕೆಗೆ ಹೊಳೆಯಿತು ಅಂತ ನನ್ನ ಅನಿಸಿಕೆ. ನಮ್ಮ ದೇಶದ ಮೊದಲ ಹಾಸ್ಪೈಸ್ ಮುಂಬಯಿಯ ಶಾಂತಿ ಅವೇದನಾ, 1986ರದು. ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. ಟ್ರಸ್ಟು 1994ರದು, ಕಟ್ಟಡ 1999ರಲ್ಲಿ ಬಾಗಿಲು ತೆಗೆಯಿತು, ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಹೋಗಿ ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಹಾಸನಕ್ಕೂ ಅಂಥದ್ದೊಂದು ಕಟ್ಟಡ ಬೇಕು ಅಂತ ಮನವಿ ಕೊಡೋಣ ಅಂದರೆ ನಾನು ಸಹಿ ಹಾಕಲು ಹಿಂದೆಮುಂದೆ ನೋಡುತ್ತೇನೆ. ಹೆತ್ತೂರಿನ ಅಜ್ಜಿಯನ್ನು ಹಾಸನಕ್ಕೆ ತಂದು ಮಲಗಿಸಿದರೆ ಆಕೆಗೆ ಅದೂ ಒಂದು ಪರದೇಶ. ನಮ್ಮವರಿಗೆ ಪ್ರಾಣ ಹೋಗುವುದು ಮನೆಯಲ್ಲೇ ಆಗಬೇಕು, ತುಳಸಿ ನೀರು ಬಿಡುವವರು ಮಕ್ಕಳೇ ಆಗಬೇಕು. ಇನ್ನೊಂದು ಕಾರಣವೂ ಇದೆ, ಸ್ವಲ್ಪ ಕಟುವಾಗಿ ಹೇಳುತ್ತೇನೆ. ಕಟ್ಟಡ ಕೇಳಿದರೆ ಕಟ್ಟಡ ಸಿಕ್ಕಿಬಿಡುತ್ತದೆ. ಶಂಕುಸ್ಥಾಪನೆಗೆ ಕಲ್ಲಿದೆ, ಕಲ್ಲಿನ ಮೇಲೆ ಹೆಸರುಗಳಿರುತ್ತವೆ, ಉದ್ಘಾಟನೆಗೆ ರಿಬ್ಬನ್ ಇದೆ. ನರ್ಸಿನ ಹುದ್ದೆಗೆ ಯಾವ ಕಲ್ಲು ನೆಡುತ್ತೀರಿ? ಜಿಲ್ಲೆಯಲ್ಲಿ ಸುಣ್ಣಬಣ್ಣ ಬಳಿದುಕೊಂಡು ಸಿಬ್ಬಂದಿ ಇಲ್ಲದೆ ನಿಂತಿರುವ ಕಟ್ಟಡ ಯಾವುದು ಅಂತ ನಿಮ್ಮ ನಿಮ್ಮ ತಾಲ್ಲೂಕಿನವರು ಮನಸ್ಸಿನಲ್ಲೇ ಎಣಿಸಿಕೊಳ್ಳಿ.

ಮನೆಯಲ್ಲಿ ಏನು ಮಾಡಲು ಸಾಧ್ಯ ಅಂತ ಕೇಳುವವರಿಗೆ ಒಂದು ಮನೆಯ ವಿಷಯ ಹೇಳುತ್ತೇನೆ. ಸಕಲೇಶಪುರದ ಕಡೆ. ಎಲೆಅಡಿಕೆ ಹೊಗೆಸೊಪ್ಪು ಹಾಕಿ ಹಾಕಿ ದವಡೆಗೆ ಕ್ಯಾನ್ಸರ್ ಬಂದಿದ್ದ ಮನುಷ್ಯ. ಕೆನ್ನೆ ತೂತಾಗಿತ್ತು. ಆಪರೇಷನ್, ಕರೆಂಟು ಅಂತಾರಲ್ಲ ಆ ರೇಡಿಯೇಷನ್, ಎಲ್ಲ ಮುಗಿದು ವಾಪಸು ಕಳಿಸಿದ್ದರು. ಆತನನ್ನು ಕೊಟ್ಟಿಗೆಗೆ ಹೊಂದಿಕೊಂಡ ಕೋಣೆಯಲ್ಲಿ ಮಲಗಿಸಿದ್ದರು. ತಟ್ಟೆಯನ್ನು ಬಾಗಿಲ ಹತ್ತಿರ ಇಟ್ಟು ದಬಕ್ಕನೆ ಹಿಂದೆ ಸರಿಯುತ್ತಿದ್ದರು. ಊರಿನವರು ಸೊಸೆಯನ್ನು ಬಯ್ಯುತ್ತಿದ್ದರು, ಕರುಳಿಲ್ಲದವಳು ಅಂತ. ನಾನು ಆಶಾ ಕಾರ್ಯಕರ್ತೆಯ ಜೊತೆ ಒಳಗೆ ಹೋದಾಗ ಗೊತ್ತಾಯಿತು, ಅದು ಕರುಳಿನ ಪ್ರಶ್ನೆಯೇ ಅಲ್ಲ. ವಾಸನೆ. ಆ ಕೋಣೆಯಲ್ಲಿ ಐದು ನಿಮಿಷ ನಿಲ್ಲಲು ಆಗುತ್ತಿರಲಿಲ್ಲ. ಆತನಿಗೂ ಅದು ಗೊತ್ತಿತ್ತು. ಯಾರಾದರೂ ಬಂದರೆ ಟವೆಲಿನಿಂದ ಮುಖ ಮುಚ್ಚಿಕೊಂಡು ಗೋಡೆ ಕಡೆ ತಿರುಗುತ್ತಿದ್ದ.

ಅದಕ್ಕೆ ಮದ್ದು ಏನು ಗೊತ್ತಾ? ಭೇದಿಗೆ ನೀವೆಲ್ಲ ನುಂಗಿರುವ ಮೆಟ್ರೋನಿಡಜೋಲ್ ಮಾತ್ರೆ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಗಾಯ ತೊಳೆಯಬೇಕು. ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಗಾಯಕ್ಕೆ ಉದುರಿಸಬೇಕು, ಮೇಲೆ ಗಾಜ್ ಬಟ್ಟೆ. ದಿನಾ. ಕೊಳೆತ ಗಾಯದ ವಾಸನೆ ಬರುವುದು ಗಾಳಿ ಬೇಡದ ಒಂದು ಜಾತಿಯ ಬ್ಯಾಕ್ಟೀರಿಯಾದಿಂದ, ಈ ಮಾತ್ರೆ ಅದನ್ನೇ ಕೊಲ್ಲುವುದು. ಗಾಯ ಮಾಯಲಿಲ್ಲ, ಮಾಯುವುದೂ ಇಲ್ಲ. ವಾಸನೆ ಮಾತ್ರ ಒಂದು ವಾರದೊಳಗೆ ಇಳಿಯಿತು. ಹಾಸಿಗೆ ನಡುಮನೆಗೆ ಬಂತು. ಅದೇ ಸೊಸೆ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದಳು, ಮೊಮ್ಮಗ ಅಲ್ಲೇ ಹೋಂವರ್ಕ್ ಬರೆಯುತ್ತಿದ್ದ. ಇದರಲ್ಲಿ ಎಂಆರ್‌ಐ ಇಲ್ಲ, ಐಸಿಯು ಇಲ್ಲ. ಒಂದೆರಡು ರೂಪಾಯಿಯ ಮಾತ್ರೆ, ಅದನ್ನು ಹೀಗೂ ಬಳಸಬಹುದು ಅಂತ ತಿಳಿದ ಒಬ್ಬ ಮನುಷ್ಯ, ಆ ಮನೆಯ ತನಕ ಹೋಗಲು ಒಂದು ಗಾಡಿ. ಇಷ್ಟೇ ಬೇಕಾಗಿದ್ದದ್ದು. ದೊಡ್ಡ ಆಸ್ಪತ್ರೆ ಕಳಿಸುವಾಗ ಬರೆದುಕೊಟ್ಟ ಚೀಟಿಯಲ್ಲಿ ಈ ಸಾಲು ಇರಲಿಲ್ಲ.

ನೋವಿಗೆ ಮಾತ್ರ ಅಷ್ಟು ಸುಲಭದ ದಾರಿ ಇರಲಿಲ್ಲ. ಆತನಿಗೆ ಮಾರ್ಫಿನ್ ಅನ್ನುವ ಬಲವಾದ ನೋವಿನ ಔಷಧಿ ಬೇಕಾಗಿತ್ತು, ನಮ್ಮ ತಾಲ್ಲೂಕಿನಲ್ಲಿ ಆಗ ಎಲ್ಲೂ ಇರಲಿಲ್ಲ. ಮಗ ಕೂಲಿ ಬಿಟ್ಟು ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುತ್ತಿದ್ದ, ಮಾತ್ರೆಯ ಬೆಲೆಗಿಂತ ಬಸ್ ಚಾರ್ಜು ಎಷ್ಟೋ ಪಾಲು ಹೆಚ್ಚು.

ಮಾರ್ಫಿನ್ ತಯಾರಾಗುವುದು ಅಫೀಮಿನಿಂದ. ಕಾನೂನುಬದ್ಧವಾಗಿ ಅಫೀಮು ಬೆಳೆಯುವ ದೊಡ್ಡ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಲೈಸೆನ್ಸ್ ಪಡೆದ ರೈತರು ಬೆಳೆಯುತ್ತಾರೆ, ನೀಮಚ್ ಮತ್ತು ಗಾಜೀಪುರದಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ, ಹೊರದೇಶಕ್ಕೆ ರಫ್ತೂ ಆಗುತ್ತದೆ. ನಮ್ಮ ಗಸಗಸೆ ಪಾಯಸದ ಗಸಗಸೆ ಅದೇ ಗಿಡದ ಬೀಜ, ಅದರಲ್ಲಿ ಅಮಲಿಲ್ಲ, ಹೆದರಬೇಡಿ. ಇಷ್ಟಿದ್ದೂ ನಮ್ಮ ಜಿಲ್ಲೆಯ ರೋಗಿಗೆ ಮಾರ್ಫಿನ್ ಸಿಗುವುದಿಲ್ಲ ಅಂದರೆ ಕಾರಣ 1985ರ ಮಾದಕ ವಸ್ತು ಕಾಯ್ದೆ. ಕಳ್ಳಸಾಗಣೆ ತಡೆಯಲು ಮಾಡಿದ ಆ ಕಾಯ್ದೆ ಬಂದ ಮೇಲೆ ದೇಶದಲ್ಲಿ ಔಷಧಿಯಾಗಿ ಮಾರ್ಫಿನ್ ಬಳಕೆಯೇ ಕುಸಿದುಬಿತ್ತು. ಒಂದು ಆಸ್ಪತ್ರೆ ಮಾರ್ಫಿನ್ ಇಡಬೇಕೆಂದರೆ ಬೇರೆಬೇರೆ ಇಲಾಖೆಗಳಿಂದ ನಾಲ್ಕೈದು ಲೈಸೆನ್ಸು ಒಟ್ಟಿಗೆ ಕೈಯಲ್ಲಿರಬೇಕಿತ್ತು. ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಲೆಕ್ಕದಲ್ಲಿ ಸಣ್ಣ ವ್ಯತ್ಯಾಸ ಬಂದರೂ ಜೈಲಿನ ಭಯ. ಯಾವ ಔಷಧಿ ಅಂಗಡಿಯವರು ಇಡುತ್ತಾರೆ ಹೇಳಿ?

2014ರಲ್ಲಿ ಸಂಸತ್ತು ಆ ಕಾಯ್ದೆಗೆ ತಿದ್ದುಪಡಿ ತಂದಿತು, 2015ರಲ್ಲಿ ನಿಯಮಗಳೂ ಬಂದವು. ಮಾರ್ಫಿನ್ ಸೇರಿ ಆರು ಔಷಧಿಗಳನ್ನು ಅಗತ್ಯ ಮಾದಕ ಔಷಧಿ ಅಂತ ಬೇರೆ ಮಾಡಿದರು. ಈಗ ನಾಲ್ಕೈದು ಕಚೇರಿ ಸುತ್ತಬೇಕಾಗಿಲ್ಲ, ರಾಜ್ಯದ ಔಷಧ ನಿಯಂತ್ರಕರು ಆಸ್ಪತ್ರೆಯನ್ನು ಮಾನ್ಯತೆ ಪಡೆದ ಸಂಸ್ಥೆ ಅಂತ ಗುರುತಿಸಿದರೆ ಸಾಕು. ಅದಕ್ಕೆ ಬೇಕಾದ್ದು ನೋವು ನಿವಾರಣೆಯಲ್ಲಿ ತರಬೇತಿ ಪಡೆದ ಒಬ್ಬ ಡಾಕ್ಟರು, ಬೀಗ ಹಾಕುವ ಕಪಾಟು, ಒಂದು ರಿಜಿಸ್ಟರು. ರಿಜಿಸ್ಟರಿಗೆ ನಮ್ಮಲ್ಲಿ ಬರ ಇಲ್ಲ ಅಂತ ಆಗಲೇ ಹೇಳಿದೆ. ಅಂದರೆ ಹತ್ತು ವರ್ಷದಿಂದ ಕಾನೂನಿನ ಬಾಗಿಲು ತೆಗೆದೇ ಇದೆ. ಪ್ರತಿ ತಾಲ್ಲೂಕು ಆಸ್ಪತ್ರೆಯೂ ಈ ಮಾನ್ಯತೆ ಪಡೆಯಲೇಬೇಕು ಅಂತ ಸರ್ಕಾರ ಒಂದು ಗಡುವು ಹಾಕಬೇಕು, ನನ್ನ ಮೊದಲ ಬೇಡಿಕೆ ಇದು. ಡಾಕ್ಟರ ಮರ್ಜಿಗೆ ಬಿಟ್ಟರೆ ಆಗುವುದಿಲ್ಲ. ತಾಪತ್ರಯ ಮೈಮೇಲೆ ಎಳೆದುಕೊಳ್ಳುವ ಮೆಡಿಕಲ್ ಆಫೀಸರುಗಳು ಕಡಿಮೆ. ಅವರನ್ನು ಬಯ್ಯುತ್ತಿಲ್ಲ, ಅವರ ಟೇಬಲ್ಲಿನ ಮೇಲಿರುವ ಕಾಗದ ನೋಡಿ ಹೇಳುತ್ತಿದ್ದೇನೆ.

ಚಟ ಹತ್ತುವುದಿಲ್ಲವೇ ಅಂತ ಆ ಕಡೆಯಿಂದ ಯಾರೋ ಕೇಳಿದರು. ಎಲ್ಲ ಸಭೆಯಲ್ಲೂ ಬರುವ ಪ್ರಶ್ನೆ. ನೋವು ಇರುವವರಿಗೆ, ಅವರ ನೋವಿಗೆ ಅಳತೆಯಾಗಿ, ಬಾಯಿಂದ ಕೊಡುವ ಮಾರ್ಫಿನ್ ಚಟವಾಗುವುದು ಬಲು ಅಪರೂಪ. ಕೊಡುವ ಕ್ರಮ ಗೊತ್ತಿರಬೇಕು, ಅಷ್ಟೆ. ನೋವು ಬಂದಾಗ ಕೊಡುವುದಲ್ಲ, ಗಡಿಯಾರ ನೋಡಿ ಕೊಡುವುದು. ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಹಾಗಾಗಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10ಕ್ಕೆ ಎರಡರಷ್ಟು, ನಡುರಾತ್ರಿ ಎಬ್ಬಿಸಬಾರದು ಅಂತ. ವಯಸ್ಸಾದವರಿಗೆ ಕಡಿಮೆಯಿಂದ ಶುರು. ಮಲಬದ್ಧತೆ ಆಗೇ ಆಗುತ್ತದೆ, ಅದಕ್ಕೆ ಮಲ ಸಡಿಲ ಮಾಡುವ ಔಷಧಿ ಮೊದಲ ದಿನದಿಂದಲೇ ಜೊತೆಗಿರಬೇಕು. ಇದನ್ನು ಮರೆತರೆ ಮನೆಯವರು ಮಾರ್ಫಿನ್ನೇ ಬೇಡ ಅನ್ನುತ್ತಾರೆ. ಮೊದಲ ಕೆಲವು ದಿನ ವಾಕರಿಕೆ, ಮಂಪರು ಇರಬಹುದು. ಡಾಕ್ಟರನ್ನು ಕೇಳದೆ ಹೆಚ್ಚು ಮಾಡುವುದೂ ಬೇಡ, ತಟ್ಟನೆ ನಿಲ್ಲಿಸುವುದೂ ಬೇಡ. ಇದನ್ನೆಲ್ಲ ಮನೆಯವರಿಗೆ ಒಂದು ಸಲ ಹೇಳಿದರೆ ಆಗುವುದಿಲ್ಲ. ವಾರಕ್ಕೊಮ್ಮೆಯಾದರೂ ಬಂದು "ನಿನ್ನೆ ಕಕ್ಕಸಿಗೆ ಹೋದರಾ? ರಾತ್ರಿ ನಿದ್ದೆ ಬಂತಾ?" ಅಂತ ಕೇಳುವವರು ಬೇಕು.

ಕಾಗದದ ಮೇಲೆ ನಾವು ಬಡವರಲ್ಲ. 2012ರಲ್ಲೇ ಕೇಂದ್ರ ಸರ್ಕಾರ ಉಪಶಾಮಕ ಆರೈಕೆಗೆ ರಾಷ್ಟ್ರೀಯ ಕಾರ್ಯಕ್ರಮ ಮಾಡಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಈ ಮಾತಿದೆ. 2018ರಲ್ಲಿ ಬಂದ ಆರೋಗ್ಯ ಕ್ಷೇಮ ಕೇಂದ್ರಗಳು, ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅನ್ನುತ್ತೇವಲ್ಲ, ಅವುಗಳ ಹನ್ನೆರಡು ಸೇವೆಗಳ ಪಟ್ಟಿಯಲ್ಲಿ ವೃದ್ಧರ ಮತ್ತು ಉಪಶಾಮಕ ಆರೈಕೆ ಒಂದು. ಕರ್ನಾಟಕಕ್ಕೆ ತನ್ನದೇ ನೀತಿಯೂ ಇದೆ. ಆದರೆ ಆ ಮಂದಿರದಲ್ಲಿ ಕೂತಿರುವ ಸಮುದಾಯ ಆರೋಗ್ಯ ಅಧಿಕಾರಿ ಹುಡುಗಿಯನ್ನು ಹೋಗಿ ಮಾತಾಡಿಸಿ ನೋಡಿ. ಬೆಳಿಗ್ಗೆ ಬಿಪಿ, ಶುಗರು. ಮಧ್ಯಾಹ್ನ ದೊಡ್ಡಾಸ್ಪತ್ರೆಯ ಡಾಕ್ಟರ ಜೊತೆ ವಿಡಿಯೋ ಕಾಲು. ಸಂಜೆ ತನಕ ಆನ್‌ಲೈನ್ ಎಂಟ್ರಿ, ನೆಟ್‌ವರ್ಕ್ ಇದ್ದರೆ. ಹನ್ನೆರಡನೇ ಸೇವೆಗೆ ಆಕೆ ಯಾವಾಗ ಹೋಗಬೇಕು? ಆಶಾ ಕಾರ್ಯಕರ್ತೆಯರಿಗೆ ಹೆರಿಗೆಗೆ, ಚುಚ್ಚುಮದ್ದಿಗೆ ಇಷ್ಟಿಷ್ಟು ಪ್ರೋತ್ಸಾಹಧನ ಅಂತ ಕಾಲಂ ಇದೆ. ಹಾಸಿಗೆ ಹಿಡಿದವರ ಮನೆಗೆ ವಾರವಾರ ಹೋಗಿ ಬಂದದ್ದಕ್ಕೂ ಒಂದು ಕಾಲಂ ಸೇರಿಸಿ. ಪುಣ್ಯದ ಕೆಲಸ ಅಂತ ಹೇಳಿ ಬಡ ಹೆಂಗಸರಿಂದ ಬಿಟ್ಟಿ ದುಡಿಸುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ.

ಕೇರಳದ ಹೆಸರು ಹೇಳದೆ ಈ ವಿಷಯ ಮುಗಿಯುವುದಿಲ್ಲ. 1993ರಲ್ಲಿ ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವಿನ ಕ್ಲಿನಿಕ್ ಶುರುಮಾಡಿದರು. ಆಸ್ಪತ್ರೆಗೆ ಬರಲಾಗದವರೇ ಹೆಚ್ಚು ಅಂತ ಬೇಗ ತಿಳಿಯಿತು. ಊರಿನ ಮೇಷ್ಟ್ರು, ಅಂಗಡಿಯವರು, ಗಲ್ಫಿನಿಂದ ವಾಪಸು ಬಂದವರು, ಕಾಲೇಜು ಹುಡುಗರು ಸೇರಿ ನೆರೆಹೊರೆಯ ಜಾಲ ಕಟ್ಟಿದರು. 2008ರಲ್ಲಿ ಸರ್ಕಾರ ಅದನ್ನು ನೀತಿ ಮಾಡಿತು, ದೇಶದಲ್ಲಿ ಮೊದಲು. ಈಗ ಅಲ್ಲಿ ಪಂಚಾಯಿತಿಯ ದುಡ್ಡಿನಲ್ಲೇ ಒಬ್ಬ ಉಪಶಾಮಕ ನರ್ಸ್, ಒಂದು ಬಾಡಿಗೆ ಗಾಡಿ. ಮನೆಮನೆ ಸುತ್ತುತ್ತಾರೆ.

ನಮ್ಮಲ್ಲೂ ಹಾಗೇ ಮಾಡೋಣ ಅಂತ ಭಾಷಣದಲ್ಲಿ ಹೇಳುವುದು ಸುಲಭ. ಕೂತು ಲೆಕ್ಕ ಹಾಕಿದರೆ ಒಂದು ತೊಡಕು ಕಾಣುತ್ತದೆ. ಕೇರಳದ ಒಂದು ಗ್ರಾಮ ಪಂಚಾಯಿತಿ ಅಂದರೆ ಇಪ್ಪತ್ತೈದು ಮೂವತ್ತು ಸಾವಿರ ಜನ. ನಮ್ಮದು ಐದಾರು ಸಾವಿರ. ಮಲೆನಾಡಿನಲ್ಲಿ ಅದಕ್ಕೂ ಕಡಿಮೆ. ನಮ್ಮ ಪಂಚಾಯಿತಿಗೆ ಒಬ್ಬ ನರ್ಸಿನ ಸಂಬಳ ಹೊರೆ, ಆಕೆಗೆ ಅಲ್ಲಿ ಪೂರಾ ದಿನದ ಕೆಲಸವೂ ಇರುವುದಿಲ್ಲ. ತಾಲ್ಲೂಕಿಗೊಬ್ಬರು ಅಂದರೆ ಆಕೆ ದಿನವೆಲ್ಲ ರಸ್ತೆಯ ಮೇಲೇ. ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯಿಂದ ಗಂಡಸಿ ಊರಿನ ತನಕ ಹೋಗಿ ನೋಡಿ. ಹಾಗಾಗಿ ನನ್ನ ಲೆಕ್ಕ ಬಂದು ನಿಲ್ಲುವುದು ಹೋಬಳಿಗೆ. ನಾಡಕಚೇರಿ ಹೋಬಳಿಗೊಂದು ಇದೆ, ರೈತ ಸಂಪರ್ಕ ಕೇಂದ್ರ ಹೋಬಳಿಗೊಂದು ಇದೆ. ಪಹಣಿಗೂ ಬಿತ್ತನೆ ಬೀಜಕ್ಕೂ ಹೋಬಳಿ ಸರಿಯಾದ ಅಳತೆ ಅಂತ ಸರ್ಕಾರವೇ ಕಂಡುಕೊಂಡಿದೆ. ಹೋಬಳಿಗೊಬ್ಬ ನರ್ಸ್ ಕೊಡಿ. ಸಂಬಳ ಆರೋಗ್ಯ ಇಲಾಖೆಯದು, ಗಾಡಿಯ ಖರ್ಚು ಆ ಹೋಬಳಿಯ ಪಂಚಾಯಿತಿಗಳು ಹಂಚಿಕೊಳ್ಳಲಿ, ಮಾರ್ಫಿನ್ ತಾಲ್ಲೂಕು ಆಸ್ಪತ್ರೆಯಿಂದ ಬರಲಿ.

ಗಾಡಿ ಅಂದೆ, ಅದನ್ನು ಬೆಂಗಳೂರಿನಲ್ಲಿ ಕೂತು ಆದೇಶ ಬರೆಯುವವರಿಗೆ ಬಿಡಿಸಿ ಹೇಳಬೇಕು. ದುದ್ದ, ಶಾಂತಿಗ್ರಾಮದ ಕಡೆ ಸ್ಕೂಟರ್ ಸಾಕು. ಹೆತ್ತೂರು, ಯಸಳೂರು ಕಡೆ ಮಳೆಗಾಲದಲ್ಲಿ ಜೀಪು ಬೇಕು. ಆಲೂರು, ಸಕಲೇಶಪುರ, ಬೇಲೂರಿನ ಬಿಕ್ಕೋಡು ಸುತ್ತ ಕತ್ತಲಾದ ಮೇಲೆ ಆನೆ. ಆ ಹೋಬಳಿಗಳ ನರ್ಸಿಗೆ ಬೆಳಿಗ್ಗೆ 9ರಿಂದ ಸಂಜೆ 5, ದಿನಕ್ಕೆ ಇಷ್ಟು ಮನೆ ಅಂತ ಬಯಲುಸೀಮೆಯ ಗುರಿ ಕೊಟ್ಟರೆ ಆಕೆ ಮನೆಗಳಿಗೆ ಹೋಗುವುದಿಲ್ಲ, ಫೋನಿನಲ್ಲೇ ಟಿಕ್ ಹಾಕುತ್ತಾಳೆ. ತೋಟದ ಕೂಲಿಯವರ ಲೈನ್ ಮನೆಗಳ ವಿಷಯ ಇನ್ನೊಂದು. ಈಗ ಅಲ್ಲಿ ಅಸ್ಸಾಮಿನವರಿದ್ದಾರೆ. ರೇಷನ್ ಕಾರ್ಡು ಊರಲ್ಲಿ, ಕಾಯಿಲೆ ಇಲ್ಲಿ. ವಿಳಾಸದ ಪುರಾವೆ ಕೇಳದೆ ಮದ್ದು ಕೊಡಬೇಕು ಅಂತ ಆದೇಶದಲ್ಲಿ ಒಂದು ಸಾಲು ಇರಲೇಬೇಕು.

ನೋಡಿಕೊಳ್ಳುವವರ ಮಾತು ಬಂದರೆ ನನಗೆ ಕಾಫಿ ಕೊಯ್ಲಿನ ಕಾಲವೇ ನೆನಪಿಗೆ ಬರುತ್ತದೆ. ಡಿಸೆಂಬರಿನಿಂದ ಫೆಬ್ರವರಿ, ವರ್ಷದ ದುಡಿಮೆಯೆಲ್ಲ ಆಗಲೇ. ಬೆಳಿಗ್ಗೆ ಏಳಕ್ಕೆ ಮನೆ ಖಾಲಿ. ಮಲಗಿದವರ ತಲೆಯ ಹತ್ತಿರ ಒಂದು ಚೊಂಬು ನೀರು, ಒಂದು ಬಾಳೆಹಣ್ಣು, ಸಂಜೆ ತನಕ ಅಷ್ಟೆ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ ಅಂತ ನಾವು ಡಾಕ್ಟರುಗಳು ಹೇಳಿ ಬರುತ್ತೇವೆ. ಯಾರು ಬದಲಿಸಬೇಕು? ಒಬ್ಬರು ಮನೆಯಲ್ಲಿ ಉಳಿದರೆ ಆ ದಿನದ ಕೂಲಿ ಹೋಯಿತು. ಕೇರಳದಲ್ಲಿ ಆಶ್ವಾಸಕಿರಣಂ ಅಂತ ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿದರು. ನಮ್ಮ ರಾಜ್ಯವೂ 2024-25ರ ಬಜೆಟ್ಟಿನಲ್ಲಿ ಪಾರ್ಕಿನ್ಸನ್, ಸೆರೆಬ್ರಲ್ ಪಾಲ್ಸಿಯಂಥ ಕೆಲವು ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ತತ್ತ್ವ ಒಪ್ಪಿಕೊಂಡ ಹಾಗಾಯಿತಲ್ಲ? ಇನ್ನು ಕಾಯಿಲೆಯ ಹೆಸರು ನೋಡುವ ಬದಲು ಹಾಸಿಗೆ ನೋಡಿ ಕೊಡಿ. ಊರಿನವರಿಗೂ ಒಂದು ಮಾತು. ತಿಥಿಗೆ ಐನೂರು ಜನಕ್ಕೆ ಎಲೆ ಹಾಕಲು ಸಾಲ ಸಿಗುತ್ತದೆ, ಬದುಕಿದ್ದಾಗ ಒಂದು ಏರ್ ಬೆಡ್ ತರಲು ಯಾರೂ ಕೈ ಎತ್ತುವುದಿಲ್ಲ. ನಗಬೇಡಿ, ನಮ್ಮ ಮನೆಗಳದೇ ಕಥೆ.

ಈಗ ಘನತೆಯಿಂದ ಸಾಯುವ ಹಕ್ಕಿನ ವಿಷಯಕ್ಕೆ ಬರುತ್ತೇನೆ, ನಿಮ್ಮಲ್ಲಿ ಹಲವರು ಅದಕ್ಕೇ ಬಂದಿದ್ದೀರಿ ಅಂತ ಗೊತ್ತು. ಈ ವರ್ಷ ಜನವರಿ ಕೊನೆಯಲ್ಲಿ ನಮ್ಮ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿತು. ಸುಪ್ರೀಂ ಕೋರ್ಟು 2018ರಲ್ಲಿ ಕೊಟ್ಟ ತೀರ್ಪನ್ನು, 2023ರಲ್ಲಿ ಸರಳ ಮಾಡಿದ ಕ್ರಮವನ್ನು ಜಾರಿಗೆ ತರುವ ಸುತ್ತೋಲೆ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ವರ್ಷಗಟ್ಟಲೆ ಕಚೇರಿ, ಕೋರ್ಟು ಅಲೆದು ಕೇಳಿದ್ದು ಇದನ್ನೇ. ಪತ್ರಿಕೆಗಳು ದಯಾಮರಣ ಅಂತ ತಲೆಬರಹ ಕೊಟ್ಟವು. ಅಲ್ಲಿ ಇಂಜೆಕ್ಷನ್ ಕೊಟ್ಟು ಸಾಯಿಸುವ ಮಾತೇ ಇಲ್ಲ. ಚೇತರಿಕೆಯ ಆಸೆ ಇಲ್ಲದಾಗ ಯಂತ್ರದ ಮೇಲೆ ಜೀವ ಎಳೆಯುವುದು ಬೇಡ ಅಂತ ಹೇಳುವ ಹಕ್ಕು, ಅಷ್ಟೆ.

ಕ್ರಮ ಹೀಗಿದೆ. 18 ದಾಟಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರು ಬೇಕಾದರೂ ಮುಂಚೆಯೇ ಬರೆದಿಡಬಹುದು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ನಮಗೆ ಮಾತು ನಿಂತ ಮೇಲೆ ನಮ್ಮ ಪರವಾಗಿ ಹೇಳುವವರು ಯಾರು ಅಂತ ಹೆಸರು ಬರೆಯಬೇಕು. ಮನಸ್ಸು ಬದಲಾದರೆ ವಾಪಸು ಪಡೆಯಬಹುದು. ಆ ಸ್ಥಿತಿ ಬಂದಾಗ ಆಸ್ಪತ್ರೆಯಲ್ಲಿ ಮೂವರು ಡಾಕ್ಟರ ಒಂದು ಮಂಡಳಿ, ಅದರ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದವರು ಇರುವ ಇನ್ನೊಂದು ಮಂಡಳಿ, ಇಬ್ಬರೂ ಒಪ್ಪಿದರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಮುಂದುವರಿಯುವುದು. ಬರೆದಿಟ್ಟ ಪತ್ರದ ಒಂದು ಪ್ರತಿ ಸ್ಥಳೀಯ ಸಂಸ್ಥೆಯ ಅಧಿಕಾರಿಯ ಹತ್ತಿರ ಇರಬೇಕು ಅಂತ ಕೋರ್ಟು ಹೇಳಿದೆ. ನಿಮ್ಮ ಪಂಚಾಯಿತಿಯಲ್ಲೋ ನಗರಸಭೆಯಲ್ಲೋ ಅದನ್ನು ತೆಗೆದುಕೊಳ್ಳುವವರು ಯಾರು ಅಂತ ಸೋಮವಾರ ಹೋಗಿ ಕೇಳಿ. ಉತ್ತರ ಏನು ಬರುತ್ತದೆ ಅನ್ನುವುದೇ ಒಂದು ಸಮೀಕ್ಷೆ.

ನಾನು ಈ ಹಕ್ಕಿನ ಪರವೇ ಇದ್ದೇನೆ. ಆದರೂ ಒಂದು ಅಳುಕಿದೆ. ಈ ಪತ್ರ ಕೆಲಸಕ್ಕೆ ಬರುವುದು ಐಸಿಯು ಬಾಗಿಲು ಮುಟ್ಟಿದವರಿಗೆ. ನಮ್ಮ ಜಿಲ್ಲೆಯ ಹೆಚ್ಚಿನವರು ಅಲ್ಲಿಗೆ ಹೋಗುವುದೇ ಇಲ್ಲ, ಹೋದವರೂ ದುಡ್ಡು ಮುಗಿದ ದಿನ "ನಮ್ಮ ಜವಾಬ್ದಾರಿ ಮೇಲೆ ಕರ್ಕೊಂಡು ಹೋಗ್ತೀವಿ" ಅಂತ ಸಹಿ ಹಾಕಿ ಬರುತ್ತಾರೆ. ಬಡವರ ವೆಂಟಿಲೇಟರನ್ನು ಮಂಡಳಿಗಿಂತ ಮೊದಲು ಬಿಲ್ಲೇ ತೆಗೆಸುತ್ತದೆ. ಯಂತ್ರ ತೆಗೆದ ಮೇಲೆ ಉಸಿರಾಟದ ಸಂಕಟಕ್ಕೆ ಏನು ಕೊಡಬೇಕು, ಗಂಟಲ ಗೊರಗೊರಕ್ಕೆ ಹೇಗೆ ಮಲಗಿಸಬೇಕು, ಬಾಯಿ ಒಣಗಿದರೆ ಏನು ಮಾಡಬೇಕು, ಇದನ್ನು ಬಲ್ಲವರು ಪಕ್ಕದಲ್ಲಿರದಿದ್ದರೆ ಆ ಸಾವಿನಲ್ಲಿ ಘನತೆ ಎಲ್ಲಿಂದ ಬರಬೇಕು? ಸುತ್ತೋಲೆ ಬಂದದ್ದು ಜನವರಿಯಲ್ಲಿ. ನರ್ಸಿನ ಆದೇಶ ಅದರ ಜೊತೆಗೇ ಬರಬೇಕಿತ್ತು.

ಇಲ್ಲಿಂದ ಹೊರಗೆ ಕಾಲಿಟ್ಟರೆ ಹಾಸನಾಂಬೆಯ ದರ್ಶನದ ಸಾಲು ಕಾಣುತ್ತದೆ. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ಗುಡಿ, ಲಕ್ಷಗಟ್ಟಲೆ ಜನ. ಬ್ಯಾರಿಕೇಡು, ನೆರಳು, ನೀರು, ಹೆಚ್ಚುವರಿ ಬಸ್ಸು, ಎಲ್ಲ ಇಲಾಖೆಗಳೂ ಹಗಲುರಾತ್ರಿ ಒಟ್ಟಿಗೆ ನಿಂತಿವೆ. ನಮ್ಮ ಜಿಲ್ಲಾಡಳಿತಕ್ಕೆ ಕೈಲಾಗುವುದಿಲ್ಲ ಅಂತ ನನ್ನ ಮುಂದೆ ಯಾರೂ ಹೇಳಬೇಡಿ. ಗಟ್ಟಿಯಾಗಿ ಕೇಳುವವರು ಇರಬೇಕು. ಇಲ್ಲಿ ಕೇಳಬೇಕಾದವರು ಎದ್ದು ಬರಲಾಗದವರು, ಅವರನ್ನು ಬಿಟ್ಟು ಬರಲಾಗದ ಅವರ ಮನೆಯವರು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2021ರಿಂದ ಚುನಾಯಿತ ಸದಸ್ಯರೂ ಇಲ್ಲ. ಉಳಿದಿರುವುದು ಗ್ರಾಮ ಪಂಚಾಯಿತಿ.

ಗ್ರಾಮ ಪಂಚಾಯಿತಿಗಳು ಮುಂದಿನ ವರ್ಷದ ಅಭಿವೃದ್ಧಿ ಯೋಜನೆ ಮಾಡುವ ಕಾಲ ಇದೇ. ಅಕ್ಟೋಬರಿನಿಂದ ಗ್ರಾಮಸಭೆಗಳಿವೆ. ಪಂಚಾಯಿತಿ ನಿಧಿಯಲ್ಲಿ ನೂರಕ್ಕೆ ಐದು ಪಾಲು ಅಂಗವಿಕಲರಿಗೆ ಮೀಸಲು. ಲಕ್ವ ಹೊಡೆದು ಮಲಗಿದ ಎಷ್ಟೋ ಜನ ಅಂಗವೈಕಲ್ಯದ ವ್ಯಾಖ್ಯೆಗೆ ಬರುತ್ತಾರೆ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿಲ್ಲ ಅಷ್ಟೆ. ಪ್ರತಿ ಪಂಚಾಯಿತಿಯಲ್ಲೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರನ್ನು ಹಿಡಿಯಿರಿ. ಆಶಾ ಮತ್ತು ಅವರು ಜೊತೆಗೂಡಿದರೆ ಊರಿನಲ್ಲಿ ಹಾಸಿಗೆ ಹಿಡಿದವರ ಪಟ್ಟಿ ವಾರದಲ್ಲಿ ಸಿದ್ಧವಾಗುತ್ತದೆ. ಗೃಹ ಆರೋಗ್ಯ ಅಂತ 2024ರಲ್ಲಿ ಕೋಲಾರದಿಂದ ಶುರುವಾದ ಯೋಜನೆಯಲ್ಲಿ ಸಿಬ್ಬಂದಿ ಮನೆಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರಲ್ಲ, ಅವರ ನಮೂನೆಯಲ್ಲೂ "ಒಳಗೆ ಯಾರಾದರೂ ಮಲಗಿದ್ದಾರಾ" ಅನ್ನುವ ಪ್ರಶ್ನೆ ಸೇರಿಸಿ ಅಂತ ಒತ್ತಾಯ ಮಾಡಿ.

ಗ್ರಾಮಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಅರ್ಜಿ ಕೊಡಿ. ಮೂರೇ ವಿಷಯ ಬರೆಯಿರಿ. ನಮ್ಮ ಪಂಚಾಯಿತಿಯಲ್ಲಿ ಹಾಸಿಗೆ ಹಿಡಿದವರು ಇಷ್ಟು ಜನ. ನಮ್ಮ ಹೋಬಳಿಗೆ ಒಬ್ಬ ಉಪಶಾಮಕ ನರ್ಸ್ ಬೇಕು, ಗಾಡಿಯ ಖರ್ಚಿನ ನಮ್ಮ ಪಾಲು ಕೊಡಲು ಸಿದ್ಧ. ನಮ್ಮ ತಾಲ್ಲೂಕು ಆಸ್ಪತ್ರೆ ಮಾರ್ಫಿನ್ ಮಾನ್ಯತೆಗೆ ಅರ್ಜಿ ಹಾಕಿದೆಯೋ ಇಲ್ಲವೋ, ಲಿಖಿತ ಉತ್ತರ ಬೇಕು. ಇದನ್ನು ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಒಂದು ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗೆ, ಒಂದು ಜಿಲ್ಲಾ ಆರೋಗ್ಯಾಧಿಕಾರಿಗೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ವಾರ್ಷಿಕ ಯೋಜನೆ ಜಿಲ್ಲೆಯಿಂದ ಮೇಲಕ್ಕೆ ಹೋಗುವ ಮೊದಲು ಈ ಕಾಗದಗಳು ಅವರ ಟೇಬಲ್ಲಿನ ಮೇಲಿರಬೇಕು, ಆಮೇಲೆ ಕೊಟ್ಟರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ. ಟಪಾಲಿನಲ್ಲಿ ಸೀಲು ಹಾಕಿಸಿ ಸ್ವೀಕೃತಿ ಪಡೆಯುವುದು ಮರೆಯಬೇಡಿ. ಅರ್ಜಿಯ ಮಾದರಿ ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಹೋಬಳಿಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇವೆ, ತುಂಬಿಕೊಳ್ಳಿ. ಪ್ರಶ್ನೆ ಇದ್ದವರು ಕೇಳಬಹುದು, ಮಾರ್ಫಿನ್ ಬಗ್ಗೆ ಇನ್ನೂ ಅನುಮಾನ ಇರುವವರು ಮೊದಲು ಕೇಳಿ.